ಒಂದು ಬೋಟೂ ಕಾಯಬಾರದು

ಬೀರಣ್ಣ ನಾಯಕರು ಕೆಲಸ ಶುರುಮಾಡುತ್ತಿದ್ದುದೇ ಕಣ್ಣು ಮುಚ್ಚಿಕೊಂಡು. ಬೈತಖೋಲ ಬಂದರಿನ ನಮ್ಮ ಐಸ್ ಪ್ಲಾಂಟಿಗೆ ಬಂದ ಮೊದಲ ದಿನ, ಕೊಡೆ ಮಡಿಸಿ ಮೂಲೆಗಿಟ್ಟು, ನನ್ನ ಮೇಜಿನೆದುರಿನ ಮರದ ಕುರ್ಚಿಯಲ್ಲಿ ಕೂತವರು ಹತ್ತು ನಿಮಿಷ ಕಣ್ಣೇ ಬಿಡಲಿಲ್ಲ. ಎರಡೂ ಕೈ ಮೊಣಕಾಲ ಮೇಲೆ. ಹೊರಗೆ ಜೂನ್ ತಿಂಗಳ ಮಳೆ ಸಮುದ್ರ ಯಾವುದು ಆಕಾಶ ಯಾವುದು ಎಂದು ಗೊತ್ತಾಗದ ಹಾಗೆ ಸುರಿಯುತ್ತಿತ್ತು. ನಾನು ತರಿಸಿಟ್ಟ ಚಾ ಆರಿ ಕೆನೆಗಟ್ಟಿತು. ಈ ಮುದುಕನನ್ನು ಯಾರು ತಂದರಪ್ಪ, ಬಂದ ದಿನವೇ ನಿದ್ದೆ ಹೊಡೆಯುತ್ತಿದ್ದಾನೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ನನ್ನ ಬಾಯಿ ಆಗ ಸ್ವಲ್ಪ ಜೋರು. ಈಗ ಕಡಿಮೆಯಾಗಿದೆ ಎಂದು ಯಾರೂ ಹೇಳಿಲ್ಲ.

ಕಣ್ಣು ಬಿಟ್ಟವರು ಯಂತ್ರದ ವಿಷಯ ಕೇಳಲಿಲ್ಲ.

“ತಂಗಿ, ಬಂದ್ ತೆಗೆಯೋ ದಿನ ನಿಂಗೆ ಕಾಣ್ತದಾ?”

ಮಳೆಗಾಲದಲ್ಲಿ ನಮ್ಮಲ್ಲಿ ಮೀನುಗಾರಿಕೆ ಬಂದ್ ಇರುತ್ತದೆ. ಎರಡು ತಿಂಗಳ ಹತ್ತಿರ ಟ್ರಾಲರ್ ಬೋಟುಗಳೆಲ್ಲ ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ಬಂದರಿನೊಳಗೆ ತೂಗುತ್ತ ಮಲಗಿರುತ್ತವೆ. ಐಸ್ ಪ್ಲಾಂಟೂ ಮಲಗಿರುತ್ತದೆ. ಬಂದ್ ತೆಗೆದ ದಿನ ಮಾತ್ರ ಬೆಳಕು ಹರಿಯುವುದರೊಳಗೆ ಎಲ್ಲರಿಗೂ ಒಟ್ಟಿಗೇ ಐಸು ಬೇಕು. ಹಿಂದಿನ ವರ್ಷ ಸರಿಯಾಗಿ ಅದೇ ದಿನ ನಮ್ಮ ಕಂಪ್ರೆಸರ್ ಕೈಕೊಟ್ಟು, ಬೋಟುಗಳು ಬಂದರುಕಟ್ಟೆಯಾದ ಧಕ್ಕೆಯ ಉದ್ದಕ್ಕೂ ನಿಂತು, ಜನ ನನ್ನ ಕಿಟಕಿಗೆ ಬಂದು ಆಡಬಾರದ ಮಾತು ಆಡಿ ಹೋಗಿದ್ದರು. ಆಫೀಸಿನಲ್ಲಿ ಇದ್ದವಳು ನಾನೊಬ್ಬಳೇ ಆದ್ದರಿಂದ ಬೈಗುಳ ಪೂರ್ತಿ ನನ್ನ ಪಾಲಿಗೇ ಬಂದಿತ್ತು.

“ಕಾಣದೆ ಏನು” ಎಂದೆ.

“ಹಾಂಗಲ್ಲ. ಕಣ್ಣ್ ಮುಚ್ಚಿ ನೋಡು. ಧಕ್ಕೆ ಮೇಲೆ ಎಂತ ಕಾಣ್ತದೆ?”

ಹುಚ್ಚು ಮುದುಕನ ಮಾತಿಗೆ ಯಾಕೆ ಎದುರಾಡಬೇಕು ಎಂದು ಕಣ್ಣು ಮುಚ್ಚಿದೆ. “ಬೋಟು ಕಾಣುತ್ತದೆ.”

“ಜನ ಎಂತ ಮಾಡ್ತಿದಾರೆ?”

“ನಿಂತಿದ್ದಾರೆ.”

“ಎಂತಕೆ ನಿಂತಿದಾರೆ?”

“ಐಸು ಬಂದಿಲ್ಲವಲ್ಲ, ಅದಕ್ಕೆ.”

“ಹಾಂ. ಅದು ಕಾಣಬಾರ್ದು” ಎಂದರು ನಾಯಕರು. “ನಮ್ಮ ಕೆಲ್ಸ ಅಷ್ಟೇಯ. ಈಗ ಆ ಚಾ ಕೊಡು.”

ಅವರು ಅಂಕೋಲೆ ತಾಲೂಕಿನ ಹಟ್ಟಿಕೇರಿಯವರು. ಕೈಗಾದಲ್ಲಿ ಒಬ್ಬ ಗುತ್ತಿಗೆದಾರರ ಹತ್ತಿರ ವರ್ಷಗಟ್ಟಲೆ ಯಂತ್ರಗಳ ನಿಗಾ ನೋಡುವ ಕೆಲಸ ಮಾಡಿ, ವಯಸ್ಸಾದ ಮೇಲೆ ಊರಿಗೆ ಬಂದು ತೆಂಗಿನ ಬುಡಕ್ಕೆ ಮಣ್ಣು ಏರಿಸುತ್ತ ಇದ್ದವರನ್ನು ನಮ್ಮ ಮೀನುಗಾರರ ಸೊಸೈಟಿಯ ಚೇರ್ಮನ್ನರು ಹಿಡಿದು ತಂದಿದ್ದರು. ದಿನವೂ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಬೈತಖೋಲ ತಿರುವಿನಲ್ಲಿ ಇಳಿಯುತ್ತಿದ್ದರು. ಬಡಕಲು ಮೈ, ಅರ್ಧತೋಳಿನ ಬಿಳಿ ಅಂಗಿ, ಕಿವಿಯ ಮೇಲೆ ಒಂದು ತುಂಡು ಪೆನ್ಸಿಲು. ತಲೆಗೆ ಕೊಬ್ಬರಿ ಎಣ್ಣೆ ಎಷ್ಟು ಹಾಕುತ್ತಿದ್ದರೆಂದರೆ ಅವರು ಒಳಗೆ ಬಂದದ್ದು ಅಮೋನಿಯಾ ವಾಸನೆಯ ನಡುವೆಯೂ ಗೊತ್ತಾಗುತ್ತಿತ್ತು.

ಕಣ್ಣು ಮುಚ್ಚಿಸುವುದು ಅವರಿಗೆ ಹುಟ್ಟುಗುಣ. ಮಗಳ ಮದುವೆಯಲ್ಲಿ ಅಡುಗೆಯವರನ್ನೆಲ್ಲ ಸಾಲಾಗಿ ಕೂರಿಸಿ ಕಣ್ಣು ಮುಚ್ಚಿಸಿ, “ಕಡೇ ಪಂಕ್ತಿಲಿ ಕೂತವ್ನ ಎಲೆ ಮೇಲೆ ಎಂತೆಂತ ಕಾಣ್ತದೆ, ಹೇಳಿ” ಎಂದು ಕೇಳಿದ್ದರಂತೆ. ಇದನ್ನು ನನಗೆ ಅವರೇ ಹೇಳಿದ್ದು. ಹೇಳುವಾಗ ಮುಖದಲ್ಲಿ ಜಂಬ ಇತ್ತು. ಕಡೇ ಪಂಕ್ತಿಗೆ ಪಾಯಸ ಉಳಿದಿತ್ತೇ ಎಂದು ಕೇಳಿದೆ. “ಉಳಿದಿತ್ತು. ಹಪ್ಪಳ ಇರ್ಲಿಲ್ಲ” ಎಂದರು. ಇಪ್ಪತ್ತು ವರ್ಷವಾದರೂ ಆ ಹಪ್ಪಳದ ಬೇಜಾರು ಹೋಗಿರಲಿಲ್ಲ.

ಕಮಿಟಿಯ ಮೊದಲ ಸಭೆಗೆ ಚೇರ್ಮನ್ನರು ನನ್ನಿಂದ ಹನ್ನೆರಡು ಗುರಿಗಳ ಪಟ್ಟಿ ಟೈಪ್ ಮಾಡಿಸಿದ್ದರು. ಯಂತ್ರಗಳ ಆರೈಕೆ ಸುಧಾರಿಸುವುದು, ದಕ್ಷತೆ ಹೆಚ್ಚಿಸುವುದು, ಹೀಗೆ. ಓದಲು ಚೆನ್ನಾಗಿತ್ತು, ನಾನೇ ಒಂದೆರಡು ಸೇರಿಸಿದ್ದೆ. ನಾಯಕರು ಪೆನ್ಸಿಲಿನ ತುದಿಯಿಂದ ಒಂದೊಂದೇ ಸಾಲನ್ನು ಮುಟ್ಟುತ್ತ ಹೋದರು.

“ಸುಧಾರಿಸೂದು ಅಂದ್ರೆ ಎಲ್ಲಿವರೆಗೆ ಸಾಹೇಬ್ರೆ? ಯಾವ ದಿನ ‘ಆಯ್ತು, ಸುಧಾರಿಸ್ತು’ ಅಂತ ಕೈ ತೊಳ್ಕಳ್ಳೂದು?”

“ಅದು ನಿರಂತರವಾಗಿ ನಡೀತಾ ಇರ್ಬೇಕಲ್ರೀ ನಾಯಕ್ರೆ.”

“ಹಾಂಗಾದ್ರೆ ಯಾವತ್ತೂ ಯಾರೂ ಕೇಳೂದಿಲ್ಲ. ನಂಗೆ ಒಂದೇ ಸಾಕು. ಅದಕ್ಕೆ ಹೌದು ಅಥ್ವಾ ಇಲ್ಲ, ಎರಡ್ರಲ್ಲಿ ಒಂದು ಉತ್ರ ಬರ್ಬೇಕು.”

ಹಾಗೆ ಹೇಳಿ, ಎದ್ದು, ಆಫೀಸಿನ ಕಪ್ಪು ಹಲಗೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರು: ಬಂದ್ ತೆಗೆದ ದಿನ ಒಂದು ಬೋಟೂ ಕಾಯದೆ ಎಲ್ಲರಿಗೂ ಐಸು ಸಿಕ್ಕಿತೆ? ಅದರ ಕೆಳಗೆ ಒಂದು ಖಾಲಿ ಚೌಕ ಎಳೆದರು. “ಒಂದು ಬೋಟು ಕಾದ್ರೂ ಇದ್ರಲ್ಲಿ ಇಲ್ಲ ಅಂತ ಬರೀತೆ. ಬರ್ದು ಮನೆಗೆ ಹೋಗ್ತೆ. ನೀವು ಬೇರೆ ಯಾರ್ನಾದ್ರೂ ನೋಡ್ಕಳಿ.”

ಕಮಿಟಿಯವರು ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ಆ ಒಂದು ವಾರದಲ್ಲೇ ನಾನು ನೋಡಿದ್ದೆ: ಮೊದಲ ದಿನ ಬಸ್ಸಿಳಿದು ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರು ಎಳೆದುಕೊಂಡಿದ್ದ ಮನುಷ್ಯ ಈಗ ನಿಲ್ಲದೆ ಹತ್ತುತ್ತಿದ್ದರು. ಈ ಕೆಲಸ ಅವರಿಗೆ ಬೇಕಿತ್ತು. “ಮನೇಲಿ ಕೂತು ಕೂತು ನಾ ಮಣ್ಣಾಗಿ ಹೋಗಿದ್ದೆ ತಂಗಿ” ಎಂದು ಒಮ್ಮೆ ಅಂದಿದ್ದರು ಕೂಡ.

ಆಮೇಲೆ ಶುರುವಾಯಿತು ಯಂತ್ರಗಳ ಪಟ್ಟಿ. ಪ್ಲಾಂಟಿನಲ್ಲಿ ಇರುವ ಪ್ರತಿಯೊಂದಕ್ಕೂ ಒಂದು ನಂಬರು, ಒಂದು ಪುಟ. ಪುಟದ ತಲೆಯಲ್ಲಿ ಒಂದೇ ಪ್ರಶ್ನೆ: ಇದು ನಿಂತರೆ ಬೋಟು ನಿಲ್ಲುತ್ತದೆಯೇ? ನಿಲ್ಲುವುದಾದರೆ ಕೆಂಪು ಪೆನ್ಸಿಲು, ತಡವಾಗುವುದಾದರೆ ನೀಲಿ, ಏನೂ ಆಗದಿದ್ದರೆ ಬರೀ ಸೀಸದ ಕಪ್ಪು ಪೆನ್ಸಿಲು. ನನ್ನ ತಲೆಯ ಮೇಲಿನ ಫ್ಯಾನಿಗೆ ಸೀಸ ಬಂತು. “ನನಗೆ ಸೆಕೆಯಾಗುತ್ತದಲ್ಲ” ಎಂದರೆ, “ನಿಂಗೆ ಸೆಕೆಯಾದ್ರೆ ಬೋಟು ನಿಲ್ತದಾ?” ಎಂದು ಕೇಳಿದರು. ಮಳೆಗಾಲ ಪೂರ್ತಿ ಆ ಫ್ಯಾನು ಕಿರುಗುಟ್ಟುತ್ತಲೇ ಇತ್ತು.

ನಮ್ಮಲ್ಲಿ ಕಂಪ್ರೆಸರ್ ಎರಡು. ಒಂದು ದಿನವೂ ಓಡುವುದು, ಇನ್ನೊಂದು ಅದು ಕೆಟ್ಟರೆ ಇರಲಿ ಎಂದು ಇಟ್ಟದ್ದು. ಎರಡನೆಯದರ ಪುಟದಲ್ಲಿ ನಾನು ‘ಸುಸ್ಥಿತಿಯಲ್ಲಿದೆ’ ಎಂದು ಬರೆದಿದ್ದೆ. ನಾಯಕರು ನನ್ನನ್ನೂ ಪುರ್ಸು ಮಿಸ್ತ್ರಿಯನ್ನೂ ಅದರ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಪುರ್ಸು ನಮ್ಮ ಪ್ಲಾಂಟಿನ ಹಳೇ ಮಿಸ್ತ್ರಿ, ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಮಹಾ ಭಯಸ್ಥ.

“ಸುಸ್ಥಿತಿ ಅಂತ ಹ್ಯಾಂಗೆ ಗೊತ್ತಾಯ್ತು?”

“ಪ್ರತಿ ವರ್ಷ ಆಯುಧ ಪೂಜೆ ಮಾಡ್ತೇವಲ್ಲ ಸಾಹೇಬ್ರೆ” ಎಂದ ಪುರ್ಸು. “ಒಂದು ವರ್ಷವೂ ಬಿಟ್ಟದ್ದಿಲ್ಲ. ಒರೆಸಿ, ಹೂ ಹಾಕಿ, ಲಿಂಬೆಹಣ್ಣು ಕಟ್ತೇವೆ.”

ನಿಜವೇ. ಅದರ ನೆತ್ತಿಯ ಮೇಲೆ ವರ್ಷವರ್ಷದ ಕುಂಕುಮ ಬೆರಳಿನ ದಪ್ಪಕ್ಕೆ ಗಟ್ಟಿಯಾಗಿ ಕೂತಿತ್ತು. ದಿನವೂ ಓಡುವ ಕಂಪ್ರೆಸರಿಗಿಂತ ಇದೇ ಹೆಚ್ಚು ಪೂಜೆಯ ಕಳೆಯಿಂದ ಇತ್ತು, ಯಾಕೆಂದರೆ ಓಡುವುದರ ಕುಂಕುಮ ಎಣ್ಣೆಗೆ ಹೋಗಿಬಿಡುತ್ತಿತ್ತು. ಪ್ರತಿ ವರ್ಷ ಕೈ ಮುಗಿದು ಮುಗಿದು, ಇದನ್ನು ನಾವು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಎಂದು ನಾವೆಲ್ಲ ಮನಸಾರೆ ನಂಬಿದ್ದೆವು.

“ಕಡೆಗೆ ಓಡಿದ್ದು ಯಾವಾಗ?” ಎಂದು ಕೇಳಿದರು ನಾಯಕರು. ಪುರ್ಸು ನನ್ನ ಮುಖ ನೋಡಿದ, ನಾನು ಪುರ್ಸುವಿನ ಮುಖ ನೋಡಿದೆ. ನಾಯಕರು ಮೊದಲು ಅದಕ್ಕೆ ಕೈ ಮುಗಿದು, ಆಮೇಲೆ ಚಕ್ರ ಹಿಡಿದು ತಿರುಗಿಸಲು ನೋಡಿದರು. ಕೂದಲೆಳೆಯಷ್ಟೂ ಅಲುಗಲಿಲ್ಲ. ಒಳಗೆ ಪೂರಾ ತುಕ್ಕು. “ದೇವ್ರ ಕೆಲ್ಸ ದೇವ್ರು ಮಾಡಿದಾನೆ. ನಮ್ಮದು ನಾವು ಮಾಡ್ವ” ಎಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಅದನ್ನು ಬಿಚ್ಚಿ, ತೊಳೆದು, ಬೇಕಾದ ಸಾಮಾನು ತಂದು, ಮತ್ತೆ ಕಟ್ಟಲು ಹದಿನೆಂಟು ದಿನ ಹಿಡಿಯಿತು. ಅದು ಮೊದಲ ಸಲ ಗುಡುಗುಟ್ಟಿ ಓಡಿದ ದಿನ ಪುರ್ಸು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಆ ಮಳೆಗಾಲ ಈಗಲೂ ನನಗೆ ಅರ್ಧ ಎಚ್ಚರದಲ್ಲಿ ಕಂಡದ್ದರ ಹಾಗೆಯೇ ನೆನಪಿದೆ. ಹೊರಗೆ ಬಂದರಿನಲ್ಲಿ ಜನರಿಲ್ಲ. ಎದುರಿನ ಗುಡ್ಡ ಒಮ್ಮೆ ಇದ್ದು ಒಮ್ಮೆ ಇಲ್ಲವಾಗುತ್ತಿತ್ತು. ಒಳಗೆ ಟ್ಯಾಂಕಿಯ ಹಾಲಿನಲ್ಲಿ, ಮರದ ಮುಚ್ಚಳ ಎತ್ತಿದ ಕೂಡಲೇ ಉಪ್ಪುನೀರಿನಿಂದ ಬಿಳಿ ಆವಿ ಎದ್ದು ಮೊಣಕಾಲವರೆಗೆ ಹರಡುತ್ತಿತ್ತು. ನಡೆಯುವವರ ಪಾದ ಕಾಣುತ್ತಿರಲಿಲ್ಲ. ನಾಯಕರು ಆ ಆವಿಯ ನಡುವೆ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೂತು, ಬಂದ್ ತೆಗೆಯುವ ಬೆಳಗನ್ನು ಮೆಲುದನಿಯಲ್ಲಿ ಹೇಳುತ್ತಿದ್ದರು. “ಮೊದಲ್ನೇ ಬೋಟು ಬಂತು. ಪುರ್ಸು, ಲಾದಿ ಬಿಡು. ಎರಡ್ನೇದು ಬಂತು. ಯಾರೂ ಕೂಗ್ತಾ ಇಲ್ಲ. ಸುಮನಾ ಕಿಟಕೀಲಿ ಚೀಟಿ ಕೊಡ್ತಾ ಅದೆ.” ನನ್ನ ಹೆಸರೂ ಅದರಲ್ಲಿ ಬರುವುದನ್ನು ಕೇಳುತ್ತ ಕೇಳುತ್ತ ನನಗೂ ಕಾಣುತ್ತಿತ್ತು. ಚಳಿಗೆ ಸೆರಗು ಹೊದ್ದು ಅಲ್ಲೇ ನಿಂತುಬಿಡುತ್ತಿದ್ದೆ.

ಲಾದಿ ಎಂದರೆ ಐಸಿನ ಉದ್ದ ಗಡ್ಡೆ. ಸಿಹಿನೀರು ತುಂಬಿದ ತಗಡಿನ ಡಬ್ಬಿಗಳನ್ನು ತಣ್ಣನೆಯ ಉಪ್ಪುನೀರಿನ ಟ್ಯಾಂಕಿಯಲ್ಲಿ ಸಾಲುಸಾಲಾಗಿ ಇಳಿಬಿಡುತ್ತಾರೆ. ಡಬ್ಬಿಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಉಪ್ಪು ಒಳಗೆ ಹೋಗಿ ಲಾದಿ ಗಟ್ಟಿಯಾಗುವುದಿಲ್ಲ, ನಡುವೆ ನೀರಾಗಿಯೇ ಉಳಿದು ಎತ್ತುವಾಗ ಮುರಿಯುತ್ತದೆ. ನೂರಾರು ಡಬ್ಬಿಗಳಲ್ಲಿ ತೂತು ಯಾವುದರಲ್ಲಿ ಎಂದು ಕಂಡುಹಿಡಿಯುವುದು ಹೇಗೆ? ನಾಯಕರು ಎರಡು ದಿನ ಯೋಚನೆ ಮಾಡಿ, ಮೂರನೆಯ ದಿನ ದೇವಕ್ಕನನ್ನು ಕರೆಸಿದರು.

ದೇವಕ್ಕ ಬೈತಖೋಲದಲ್ಲಿ ಮೀನು ಮಾರುವ ಹೆಂಗಸು, ಮಗನದು ಸ್ವಂತ ಬೋಟು. ಐಸು ಕೊಳ್ಳುವಾಗ ಒಂದು ಚೂರು ಒಡೆದು ನಾಲಿಗೆಗಿಟ್ಟು ನೋಡುವುದು ಅವಳ ಅಭ್ಯಾಸ. ಉಪ್ಪಿನ ಸುಳಿವು ಹತ್ತಿದರೆ ಆ ಲಾದಿ ಅವಳ ಬುಟ್ಟಿಗಿಲ್ಲ, ಎಷ್ಟು ಜಗಳವಾದರೂ ಸರಿ. ಅದಕ್ಕೆ ನಾವೆಲ್ಲ ಅವಳನ್ನು ಬೈಯುತ್ತಿದ್ದೆವು. ನಾಯಕರು ಮಾತ್ರ ಎದ್ದು ನಿಂತು ಅವಳಿಗೆ ಕುರ್ಚಿ ಕೊಟ್ಟರು.

“ನಿಮ್ಮ ನಾಲ್ಗೆ ನಮಗೆ ಬೇಕಾಗಿತ್ತು ದೇವಕೀಬಾಯಿ.”

“ನನ್ ನಾಲ್ಗೆ ಎಲ್ಲಾರಿಗೂ ಬ್ಯಾಡಾಗದೆ, ನಿಮಗೆಂತಕೆ ಬೇಕು ನಾಯಕ್ರೆ?” ಎಂದಳು. ವಿಷಯ ಕೇಳಿದ ಮೇಲೆ ಬಾಯಿಗೆ ಸೆರಗು ಹಿಡಿದು ಬಹಳ ಹೊತ್ತು ನಕ್ಕಳು. ಮಾರನೆಯ ದಿನದಿಂದ ಬಂದಳು. ಪುರ್ಸು ಒಂದೊಂದೇ ಸಾಲು ಎತ್ತುವನು, ದೇವಕ್ಕ ಪ್ರತಿ ಲಾದಿಯಿಂದ ಚೂರು ಒಡೆದು ನಾಲಿಗೆಗಿಟ್ಟು, ಬಾಯಿ ಮುಕ್ಕಳಿಸಿ, ‘ಹೂಂ’ ಅಥವಾ ‘ಇದು ಅಲ್ಲ’ ಎನ್ನುವಳು, ನಾನು ಪಟ್ಟಿಯಲ್ಲಿ ಗುರುತು ಹಾಕುವೆ. ಅವಳು ‘ಅಲ್ಲ’ ಎಂದ ಡಬ್ಬಿಯಲ್ಲೆಲ್ಲ ತೂತು ಸಿಕ್ಕಿತು. ಒಂದೂ ತಪ್ಪಲಿಲ್ಲ. ಅವಳ ನಡಿಗೆಯೇ ಬದಲಾಯಿತು. ಓಣಿಯಲ್ಲಿ ಸಿಕ್ಕವರಿಗೆಲ್ಲ, “ನಂಗೆ ಪ್ಲಾಂಟಿಗೆ ಹೋಗೂದದೆ” ಎಂದು ಹೇಳಿಕೊಂಡು ಬರುತ್ತಿದ್ದಳು.

ಹದಿನೈದು ಸಾಲು. ಕಡೆಯ ದಿನ ಹದಿನಾಲ್ಕನೆಯದೂ ಮುಗಿಯಿತು. ನಾಯಕರು ಯಾವುದೋ ಬೇರಿಂಗ್ ತರಲು ಅಂಕೋಲೆಗೆ ಹೋಗಿದ್ದರು. ಉಳಿದದ್ದು ಗೋಡೆಯ ಬದಿಯ ಸಾಲು ಒಂದೇ. ಪುರ್ಸು ಎಲ್ಲ ಮುಗಿಯಿತೆಂದುಕೊಂಡು ಆಗಲೇ ಕೈಕಾಲು ತೊಳೆಯಲು ಹೋಗಿದ್ದ. ದೇವಕ್ಕ ಎರಡೂ ಕೈಯಿಂದ ಕೆನ್ನೆ ಉಜ್ಜಿಕೊಳ್ಳುತ್ತ, “ನಾಲ್ಗೆ ಮರಗಟ್ಟಿ ಹೋಗದೆ ಸುಮನಾ. ಮುಗೀತಾ?” ಎಂದು ಕೇಳಿದಳು.

“ಮುಗೀತು ದೇವಕ್ಕ, ನೀ ಹೋಗು” ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೋ. ಚಳಿಯಾಗುತ್ತಿತ್ತು, ಹಸಿವಾಗಿತ್ತು, ಅಷ್ಟೇ. ಅವಳು ಹೋದ ಮೇಲೆ ಆವಿಯೊಳಗೆ ಒಬ್ಬಳೇ ನಿಂತೆ. ತಗಡಿನ ಮಾಡಿನ ಮೇಲೆ ಮಳೆಯ ಸದ್ದು ಒಂದೇ ಸಮ ಬರುತ್ತಿತ್ತು. ನಾಯಕರು ಹೇಳಿ ಹೇಳಿ ತೋರಿಸಿದ್ದ ಆ ಬೆಳಗು ಕಣ್ಣೆದುರು ಬಂತು. ಬೋಟುಗಳು ಬಂದು ಹೋಗುತ್ತಿದ್ದವು, ಯಾರೂ ಕೂಗುತ್ತಿರಲಿಲ್ಲ. ಎಲ್ಲ ಆಗಿಯೇ ಹೋದ ಹಾಗೆ ಅನಿಸಿತು. ಪಟ್ಟಿ ತೆಗೆದು ಹದಿನೈದನೆಯ ಸಾಲಿನ ಅಷ್ಟೂ ಡಬ್ಬಿಗೆ ‘ಸರಿ’ ಎಂದು ಗುರುತು ಹಾಕಿ ಮನೆಗೆ ಹೋದೆ. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಬಂದ್ ತೆಗೆದ ದಿನ ಬೆಳಗಿನ ಜಾವ ಧಕ್ಕೆಯಲ್ಲಿ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಕೈಮುಗಿದು ಜನ ಐಸಿಗೆ ಬಂದರು. ಎರಡೂ ಕಂಪ್ರೆಸರ್ ಓಡುತ್ತಿದ್ದವು. ಲಾದಿಗಳು ಜಾರಿ ಇಳಿದು ಪುಡಿಯಾಗಿ ಬೋಟಿಗೆ ಸುರಿಯುತ್ತಿದ್ದವು. ಒಂದರ ಹಿಂದೆ ಒಂದು ಬೋಟು ಬಂತು, ತುಂಬಿತು, ಹೋಯಿತು. ಯಾರೂ ಕೂಗಲಿಲ್ಲ. ನಾನು ಕಿಟಕಿಯಲ್ಲಿ ಚೀಟಿ ಕೊಡುತ್ತಿದ್ದೆ. ನಾಯಕರು ಹೇಳಿದ್ದೇ ಕಣ್ಣೆದುರು ನಡೆಯುತ್ತಿತ್ತು. ನಾನು ನಗುತ್ತಿದ್ದೆ ಎಂದು ಪುರ್ಸು ಆಮೇಲೆ ಹೇಳಿದ.

ಕಡೆಯ ಬೋಟಿಗೆ ಉಳಿದದ್ದು ಗೋಡೆಯ ಬದಿಯ ಸಾಲು. ಪುರ್ಸು ಎತ್ತಿದ. ಮೊದಲ ಲಾದಿ ಜಾರುವಾಗಲೇ ನಡುವೆ ಮುರಿದು ಒಳಗಿನ ನೀರು ಚೆಲ್ಲಿತು. ಎರಡನೆಯದೂ ಹಾಗೆಯೇ. ಆ ಸಾಲಿನಲ್ಲಿ ಐದು ಡಬ್ಬಿ ತೂತು. ಆ ಕಡೆಯ ಬೋಟು ದೇವಕ್ಕನ ಮಗನದು.

ಬೇರೆ ಸಾಲು ಗಟ್ಟಿಯಾಗುವವರೆಗೆ ಅವನು ಕಾದ. ಬೆಳಿಗ್ಗೆ ಎಲ್ಲರ ಜೊತೆ ಹೊರಡಬೇಕಾದ ಬೋಟು ಊಟದ ಹೊತ್ತು ಮೀರಿದ ಮೇಲೆ ಒಂಟಿಯಾಗಿ ಹೊರಟಿತು. ವರ್ಷದ ಮೊದಲ ಬಲೆ ಎಲ್ಲರೂ ಒಟ್ಟಿಗೆ ಬಿಡುವುದು ಇಲ್ಲಿಯ ಸಂಭ್ರಮ. ಅದು ಆ ಹುಡುಗನಿಗೆ ತಪ್ಪಿತು. ಧಕ್ಕೆಯ ಕಟ್ಟೆಯ ಮೇಲೆ ದೇವಕ್ಕ ಕೈಕಟ್ಟಿಕೊಂಡು ಕೂತಿದ್ದಳು.

ಸಂಜೆ ಕಮಿಟಿಯವರೆಲ್ಲ ಹಲಗೆಯ ಮುಂದೆ ಸೇರಿದರು. ಚೇರ್ಮನ್ನರಿಗೆ ಖುಷಿಯೋ ಖುಷಿ. “ಒಂದು ಬೋಟು ತಾನೇ ನಾಯಕ್ರೆ. ಹೋದ ವರ್ಷದ ಕತೆ ನೋಡಿದ್ರೆ ಇದು ಏನೂ ಅಲ್ಲ. ಹೌದು ಅಂತ ಬರೀರಿ.” ಪುರ್ಸುವೂ ಅದನ್ನೇ ಹೇಳಿದ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ದೇವಕ್ಕ ಒಳಗೆ ಬಂದು, “ನಮ್ ಬೋಟು ಐಸಿಗೆ ಕಾದದ್ದಲ್ಲ ನಾಯಕ್ರೆ. ನನ್ ಮಗ ಚಾ ಕುಡೀತಾ ಕೂತಿದ್ದ, ಅದಕ್ಕೇ ತಡ ಆದದ್ದು” ಎಂದಳು.

“ಎಷ್ಟು ಲೋಟ ಕುಡ್ದ?” ಎಂದು ನಾಯಕರು ಕೇಳಿದರು. ದೇವಕ್ಕ ತಲೆ ತಗ್ಗಿಸಿದಳು. ನಾಯಕರು ಸೀಮೆಸುಣ್ಣ ತೆಗೆದುಕೊಂಡು ಚೌಕದೊಳಗೆ ‘ಇಲ್ಲ’ ಎಂದು ಬರೆದರು. ಆಮೇಲೆ ನನ್ನ ಮೇಜಿನ ಮೇಲಿದ್ದ ಡಬ್ಬಿಗಳ ಪಟ್ಟಿಯನ್ನು ತೆಗೆದು, ಹದಿನೈದು ಸಾಲನ್ನೂ ಒಂದು ಸಲ ನೋಡಿ, ಮಡಿಸಿ ಅಲ್ಲೇ ಇಟ್ಟರು. ಬಾಯಿ ಜೋರಿನ ನಾನು ತುಟಿ ಬಿಚ್ಚಲಿಲ್ಲ.

ನಾಯಕರು ಆಡಿದ ಮಾತಿನಂತೆ, ಇನ್ನೊಂದು ತಿಂಗಳು ಮಾತ್ರ ಇದ್ದು, ಇಡೀ ಪಟ್ಟಿಯನ್ನು ನನಗೆ ಕಲಿಸಿಕೊಟ್ಟು ಹೋದರು. ಯಾವ ಯಂತ್ರವನ್ನು ಯಾವಾಗ ಬಿಚ್ಚಬೇಕು, ಯಾವ ಸಾಮಾನು ಎಷ್ಟು ಮೊದಲು ತರಿಸಬೇಕು, ಎಲ್ಲ. ಆ ಮೂವತ್ತು ದಿನದಲ್ಲಿ ಒಂದು ದಿನವಾದರೂ ನಾನು ಹೇಳಬಹುದಿತ್ತು. ಪ್ರತಿ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಂಡೇ ಬರುತ್ತಿದ್ದೆ. ಕಡೆಯ ದಿನ ಕೊಡೆ ತೆಗೆದುಕೊಂಡು, “ಬತ್ತೆ ತಂಗಿ” ಎಂದು ಹೊರಟರು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡಿದ್ದರು.

ಮರುವರ್ಷ ನಾನು ದೇವಕ್ಕನನ್ನು ಕರೆಯಲು ಹೋದರೆ ಅವಳು ಬರಲಿಲ್ಲ. ಮೊಣಕಾಲು ನೋವು ಎಂದಳು. ಅದರ ಮರುವರ್ಷವೂ ಅದೇ ಮಾತು. ಎರಡೂ ವರ್ಷ ನಾನೇ ನಾಲಿಗೆಗಿಟ್ಟು ಹದಿನೈದೂ ಸಾಲು ನೋಡಿದೆ, ಗೋಡೆಯ ಬದಿಯದನ್ನು ಎರಡೆರಡು ಸಲ. ಬೋಟು ಒಂದೂ ಕಾಯಲಿಲ್ಲ. ಕಮಿಟಿಯವರು ನನ್ನನ್ನು ಹೊಗಳಿದರು. ಹೊಗಳಿಕೆ ನನಗೆ ಮೈಮೇಲೆ ಇರುವೆ ಹತ್ತಿದ ಹಾಗಾಯಿತು. ಮರುವಾರವೇ ಬಸ್ಸು ಹತ್ತಿ ಹಟ್ಟಿಕೇರಿಗೆ ಹೋದೆ.

ನಾಯಕರು ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಇನ್ನೂ ಬಡಕಲಾಗಿದ್ದರು, ಮಾತಿನ ನಡುವೆ ಉಸಿರು ಕಡಿಯುತ್ತಿತ್ತು. ಅವರ ಹೆಂಡತಿ ಸಾವಿತ್ರಮ್ಮ ಮಜ್ಜಿಗೆ ಕೊಟ್ಟು ಒಳಗೆ ಹೋದರು. ನಾನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಹದಿನೈದನೆಯ ಸಾಲು ನಾವು ನೋಡಿರಲೇ ಇಲ್ಲ, ಸುಳ್ಳೇ ಗುರುತು ಹಾಕಿದ್ದೆ, ನಿಮ್ಮ ಕೆಲಸ ಹೋದದ್ದು ನನ್ನಿಂದ ಎಂದೆ.

“ಗೊತ್ತದೆ” ಎಂದರು. “ಹದಿನಾಲ್ಕು ಸಾಲಿಗೂ ಒಂದೆರಡಾದ್ರೂ ‘ಅಲ್ಲ’ ಇತ್ತು. ಅದೊಂದಕ್ಕೆ ಮಾತ್ರ ಪೂರಾ ‘ಸರಿ’. ಆ ದಿನವೇ ನೋಡ್ದೆ.”

“ಮತ್ತೆ ಯಾಕೆ ಹೇಳಲಿಲ್ಲ? ನನ್ನ ಹೆಸರು ಹೇಳಿದ್ದರೆ ನೀವು ಉಳಿಯುತ್ತಿದ್ದಿರಿ.”

“ಹೇಳಿದ್ರೆ ನಿನ್ನ ತೆಗೀತಿದ್ರು. ನಾ ಎಷ್ಟು ದಿನ ಬರ್ತಿದ್ದೆ? ಒಂದು ವರ್ಷ, ಎರಡು ವರ್ಷ. ಆ ಸಾಲು ಒಂದ್ಸಲ ಬಿಟ್ಟವ್ಳು ಮತ್ತೆ ಬಿಡೂದಿಲ್ಲ ಅಂತ ನಂಗೆ ಅನ್ನಿಸ್ತು. ಬಿಟ್ಯಾ?”

“ಇಲ್ಲ.”

“ಮತ್ತೆಂತ?” ಎಂದು ಮಜ್ಜಿಗೆ ಕುಡಿದರು. ಬೈದಿದ್ದರೆ ಹಗುರಾಗುತ್ತಿದ್ದೆ. ತಪ್ಪಾಯಿತು, ಕ್ಷಮಿಸಿ ಎಂದು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

“ನನ್ ಹತ್ರ ಎಂತಕೆ ಹೇಳ್ತಿ ತಂಗಿ? ಕಾದದ್ದು ನಾನಲ್ಲ. ದೇವಕೀಬಾಯಿ ಹತ್ರ ಹೇಳಿದ್ಯಾ?”

ಇಲ್ಲ ಎಂದೆ.

“ದೇವಕೀಬಾಯಿ ನಿನ್ನ ಕೂಡೆ ಈಗ ಪ್ಲಾಂಟಿಗೆ ಬರ್ತದಾ?”

ಮೊಣಕಾಲು ನೋವಂತೆ ಎಂದೆ.

ನಾಯಕರು ನನ್ನ ಮುಖವನ್ನೇ ನೋಡಿದರು. “ಮೊಣಕಾಲಲ್ಲ. ಹೋಗಿ ಹೇಳು. ಹೇಳಿಯಾದ ಮೇಲೆ ಬಂದು ನಂಗೆ ತಿಳ್ಸು.”

ಹೇಳಲು ನನಗೆ ಮತ್ತೆ ಮೂರು ತಿಂಗಳು ಬೇಕಾಯಿತು. ನಾಚಿಕೆಯ ಮಾತು, ಆದರೆ ನಿಜ. ಒಂದು ಬೆಳಿಗ್ಗೆ ಮೀನು ಹರಾಜು ಮುಗಿದು, ದೇವಕ್ಕ ಬುಟ್ಟಿಗೆ ಐಸು ಹರಡುತ್ತ ಕೂತಿದ್ದಾಗ ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಎಲ್ಲ ಹೇಳಿದೆ. ಅವಳ ಕೈ ನಿಂತಿತು.

“ಆ ಸಾಲು ನಾ ನೋಡೇ ಇಲ್ವಾ?”

“ಇಲ್ಲ ದೇವಕ್ಕ. ಮುಗೀತು ಅಂತ ನಾನು ಸುಳ್ಳು ಹೇಳಿದ್ದೆ.”

ಅವಳು ಕೈಯಲ್ಲಿದ್ದ ಐಸನ್ನು ಬುಟ್ಟಿಗೆ ಸುರಿದಳು. ಆಮೇಲೆ ನಿಧಾನವಾಗಿ ಹೇಳಿದಳು: “ನನ್ ಮಗ ಆ ದಿನ ನಂಗೆ ಎಂತ ಹೇಳ್ದ ಗೊತ್ತದ್ಯಾ? ಆಯೀ, ನಿನ್ ನಾಲ್ಗೆ ಸತ್ತು ಹೋಗದೆ ಅಂದ. ನಾನೂ ಹೌದು ಅಂದ್ಕಂಡೆ. ಪ್ರಾಯ ಆಯ್ತು, ನಾಲ್ಗೆ ಹೋಯ್ತು ಅಂತ. ಅವತ್ತಿಂದ ನಾ ಐಸು ಬಾಯಿಗೆ ಹಾಕಿದ್ದಿಲ್ಲ. ಸಾರಿಗೆ ಉಪ್ಪು ಹಾಕೂದೂ ಸೊಸೆಗೆ ಬಿಟ್ಟೆ.”

ಎರಡು ವರ್ಷ. ಅಲ್ಲೇ ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು. ಅವಳು ಬೈಯಲಿಲ್ಲ, ನಗಲೂ ಇಲ್ಲ. ಕಣ್ಣೊರೆಸಿಕೊಂಡು, ಬುಟ್ಟಿಯಿಂದ ಒಳ್ಳೆಯ ನಾಲ್ಕು ಬಂಗಡೆ ಆರಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೇಲೆ ಬೊಗಸೆ ತುಂಬ ಐಸು ಸುರಿದಳು.

“ನಾಯಕ್ರಿಗೆ ಕೊಡು. ಬರೂ ಮಳೆಗಾಲಕ್ಕೆ ದೇವಕಿ ಪ್ಲಾಂಟಿಗೆ ಬತ್ತದಂತೆ ಅಂತ ಹೇಳು.”

ಆಫೀಸಿಗೆ ರಜೆ ಹೇಳಿ ಆಗಲೇ ಬಸ್ಸು ಹತ್ತಿದೆ. ಕಿಟಕಿಯ ಹತ್ತಿರ ಸೀಟು ಸಿಕ್ಕಿತು. ಚೀಲವನ್ನು ಕಾಲಿನ ನಡುವೆ ಇಟ್ಟುಕೊಂಡೆ. ಸಮುದ್ರ ಒಮ್ಮೆ ಕಂಡು ಒಮ್ಮೆ ಗುಡ್ಡದ ಹಿಂದೆ ಹೋಗುತ್ತಿತ್ತು. ಅವರ ಎದುರು ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ, ಅವರು ಏನೆನ್ನುತ್ತಾರೆ ಎಂದು ನಾನೇ ಅಂದುಕೊಳ್ಳುತ್ತ ಹೋದೆ. ಎಷ್ಟೋ ದಿನದ ಮೇಲೆ ಮನಸ್ಸು ನಿರಾಳವಾಗಿತ್ತು. ಹಟ್ಟಿಕೇರಿಯಲ್ಲಿ ಇಳಿದು ಗದ್ದೆಯ ಬದಿಯ ದಾರಿಯಲ್ಲಿ ಬೇಗ ಬೇಗ ನಡೆದೆ.

ಅಂಗಳದಲ್ಲಿ ಜನ ಕೂತಿದ್ದರು. ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ನಾಯಕರು ನಿನ್ನೆ ಬೆಳಿಗ್ಗೆ ಹೋದರು ಎಂದು ಬೇಲಿಯ ಹತ್ತಿರ ನಿಂತಿದ್ದ ಯಾರೋ ಹೇಳಿದರು. ನನ್ನ ಕೈಯಲ್ಲಿ ಮೀನಿನ ಚೀಲ. ಸೂತಕದ ಮನೆಯ ಅಂಗಳಕ್ಕೆ ಐಸು ಕರಗಿ ತೊಟ್ಟಿಕ್ಕುತ್ತಿತ್ತು. ನಾಲ್ಕು ಹೆಜ್ಜೆ ಹಿಂದೆ ಬಂದು, ಚೀಲವನ್ನು ಬೇಲಿಯ ಆಚೆ ಗೂಟಕ್ಕೆ ಸಿಕ್ಕಿಸಿ, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಒಳಗೆ ಹೋದೆ.

ಸಾವಿತ್ರಮ್ಮ ನನ್ನ ಗುರುತು ಹಿಡಿದರು. ಪಕ್ಕದಲ್ಲಿ ಕೂರಿಸಿಕೊಂಡರು. ಅವರೇ ನನ್ನ ಬೆನ್ನು ಸವರಿದರು. ಸ್ವಲ್ಪ ಹೊತ್ತಿನ ಮೇಲೆ, “ಎಂತಾದ್ರೂ ಹೇಳೂದಿತ್ತಾ ಮಗಾ ಅವ್ರ ಹತ್ರ?” ಎಂದು ಕೇಳಿದರು.

“ದೇವಕ್ಕ ಬರುತ್ತಾಳೆ ಅಂತ ಹೇಳಬೇಕಿತ್ತು” ಎಂದೆ.

ಯಾವ ದೇವಕ್ಕ, ಎಲ್ಲಿಗೆ ಬರುವುದು, ಅವರಿಗೆ ಒಂದೂ ಗೊತ್ತಿರಲಿಲ್ಲ. ತಲೆಯಾಡಿಸಿ, “ಬರ್ಲಿ” ಎಂದರು.